ಗುಂಡಿ

ಅರಸೀಕೆರೆ ಗಾರ್ಮೆಂಟ್ಸಿನ ಹಿಂದೆ, ಚಿಂದಿರಾಶಿಯಲ್ಲಿ ಸಿಕ್ಕಿದ್ದು.
ಯಾರದೋ ಕೋಟಿನಿಂದ ಕಿತ್ತು ಬಿದ್ದ ಹಾಗೆ
ಕರ್ರಗೆ, ದುಂಡಗೆ.
ಗುಂಡಿ ಅಂತ ಕರೆದೆವು.
ಆ ಹೆಸರಿಗೆ ಇನ್ನೊಂದು ಅರ್ಥ ಇರುವುದು
ಆವತ್ತು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಹಾಲು ಮುಟ್ಟಲಿಲ್ಲ.
ಸೋಮವಾರ ಹಳದಿ ನೊರೆ.
ರಾತ್ರಿ ಹಿಂದಿನಿಂದ ಹೋದದ್ದು ಬರೀ ರಕ್ತ;
ಆ ವಾಸನೆ ಕಂಡವರಿಗೆ ಗೊತ್ತು,
ಫಿನಾಯಿಲ್ ಅದಕ್ಕೆ ಸೋಲುತ್ತದೆ.

ಪಶು ಆಸ್ಪತ್ರೆಗೆ ಬೀಗ.
ಇರುವ ಒಬ್ಬ ಡಾಕ್ಟರು ಮೂರು ಕಡೆಗೆ,
ಈ ವಾರ ಜಾವಗಲ್ಲಿನಲ್ಲಿ ದನಗಳ ಲಸಿಕೆ.
ಹಾಸನಕ್ಕೆ ಒಯ್ಯಿ ಅಂದರು ಯಾರೋ.
ಕಂಡಕ್ಟರು ಟವೆಲಿನ ಕೆಂಪು ನೋಡಿ
ಸೀಟಿ ಊದಿದ.

ಕಾಂಪೌಂಡರ್ ನಿಂಗರಾಜಣ್ಣ ಬೈಕು ಆರಿಸದೆ
ಒಂದು ಕಾಲು ನೆಲಕ್ಕೂರಿ ನೋಡಿದರು:
"ಪಾರ್ವೋ ಕಣವ್ವ. ಐದು ದಿನ ದಾಟಿದ್ರೆ ಉಳೀತು."
ಎರಡು ಬಾಟಲಿ ಸಲೈನು, ನಾಲ್ಕು ಸೂಜಿ,
ಬೀಡಿಕಟ್ಟಿನ ಕಾಗದದ ಮೇಲೆ ಲೆಕ್ಕ.
"ಕತ್ತಿನ ಹಿಂದೆ ತೊಗಲೆತ್ತಿ ಚುಚ್ಚು.
ಟೈಲರಲ್ವಾ ನೀನು?"

ಅಲ್ಲ. ನಾನು ಕಾಲರ್ ಮಾತ್ರ.
ಗಂಟೆಗೆ ಅರವತ್ತು, ಆರು ವರ್ಷದಿಂದ;
ಒಂದು ಪೂರ್ತಿ ಅಂಗಿ ನನ್ನ ಕೈಲಿ ಆಗಿಲ್ಲ.
ಮತ್ತೆ, ಬಟ್ಟೆ
ಚುಚ್ಚಿದವರನ್ನು ತಿರುಗಿ ನೋಡುವುದಿಲ್ಲ.

ತೊಗಲು ಹಿಡಿದು ಬಿಟ್ಟೆ.
ಹಿಡಿದ ನೆರಿಗೆ ಹಾಗೇ ನಿಂತಿತು.
ಇಸ್ತ್ರಿ ಸೆಕ್ಷನ್ನಿನವರು ಇಂಥ ನೆರಿಗೆಗೆ ಪ್ರಾಣ ಬಿಡುತ್ತಾರೆ.
ನಾನು ಹೆಬ್ಬೆರಳಲ್ಲಿ ತೀಡಿ ತೀಡಿ ಬೇಡಿದೆ,
ಮಲಕ್ಕೋ, ಮಲಕ್ಕೋ ನೆರಿಗೆಯೇ.

ಬಾಟಲಿಗೆ ಮೊಳೆ ಬೇಕಾಗಿ
ಕ್ಯಾಲೆಂಡರಿನ ಲಕ್ಷ್ಮಿ ಕೆಳಗಿಳಿದು
ರಾಗಿಡಬ್ಬಕ್ಕೆ ಒರಗಿ ಕೂತಳು.

ಹೊಸ ಸೂಪರ್‌ವೈಸರಿಗೆ ಫೋನು ಮಾಡಿದೆ.
"ಯಾರಿಗೆ ಹುಷಾರಿಲ್ಲ?"
ನಾಯಿ ಅನ್ನುವುದು ಗಂಟಲಲ್ಲೇ ಉಳಿದು
ಮರಿ ಮಾತ್ರ ಆಚೆ ಬಂತು.
"ನಮ್ಮ ಮರಿಗೆ, ಮೇಡಂ."
"ಅಯ್ಯೋ ಪಾಪ, ಎಷ್ಟು ತಿಂಗಳು?"
"ಎರಡೂವರೆ."
ಇದರಲ್ಲಿ ಸುಳ್ಳು ಎಲ್ಲಿದೆ ಅಂತ
ಇವತ್ತಿಗೂ ಹುಡುಕುತ್ತಿದ್ದೇನೆ.

ಸಂಜೆ ಫರ್ಜಾನಾ ಬಂದಳು, ಎಲ್ಲ ಗೊತ್ತಿದ್ದವಳು,
ಗ್ಲೂಕೋಸ್ ಪೊಟ್ಟಣ ತಂದಳು,
ಜೊತೆಗೆ ಮೇಡಂ ಕೊಟ್ಟ ಒಂದು ಕುಲಾವಿ.
ನಗುವುದಕ್ಕೆ ಬಾಯಿ ತೆರೆದವಳು
ಮರಿಯ ಒಸಡು ನೋಡಿದಳು. ಕಾಗದದ ಬಿಳಿ.
ಸುಮ್ಮನೆ ಕುಲಾವಿ ತೊಡಿಸಿದಳು.

ರಾತ್ರಿಗೆ ಗಡಿಯಾರ ಬೇಕಿರಲಿಲ್ಲ.
ಮೈಸೂರಿನ ಗಾಡಿಗೆ ಒಂದು ಚಮಚ,
ಹುಬ್ಬಳ್ಳಿ ಗಾಡಿಗೆ ಒಂದು.
ನಡುವೆ ಗೂಡ್ಸು ಬಂದರೆ
ಎರಡು ಹನಿ, ಅದು ನನ್ನ ಲೆಕ್ಕ.

ಬುಧವಾರ ಮನೆ ಓನರ್ ಸಾಕಮ್ಮ
ಹೊಸಿಲಾಚೆಯೇ ನಿಂತು ಅಂದಳು:
"ಉಳಿಯಾಕಿಲ್ಲ ಕಣೆ. ಬೆಳಕಿದ್ದಂಗೇ
ಒಂದು ಗುಂಡಿ ತೆಗೆದು ಮಡಗು."
ಇವರು ಕೊಬ್ಬರಿ ಮಂಡಿಯಿಂದ ಬಂದವರು
ಕೈಕಾಲು ತೊಳೆಯದೆ ಗುದ್ದಲಿ ತಗೊಂಡರು.
ಒಳಗೆ ಕೂತು ಎಣಿಸಿದೆ,
ಒಂದೊಂದು ಏಟೂ ಎದೆಗೆ.
ಆಮೇಲೆ ಹಿತ್ತಲಿಂದ ಇವರ ದನಿ:
"ಗುಂಡಿ ಆಯ್ತು."

ಕುಲಾವಿಯೊಳಗೆ
ಒಂದು ಕಿವಿ ಅಲುಗಿತು.
ಹೆಸರು ಕರೆದರು ಅಂದುಕೊಂಡಿತು ಅದು.

ನಾನು ಮತ್ತೆ ಕರೆದೆ.
ಮತ್ತೆ. ರಾತ್ರಿಯಿಡೀ.
ಪಕ್ಕದ ಮನೆಯವರು ಏನಂದುಕೊಂಡರೋ.

ಶುಕ್ರವಾರ ಎದ್ದು ನಾಲ್ಕು ಹೆಜ್ಜೆ ತೂರಾಡಿ
ನಾನು ಕಾಸಿಟ್ಟ ಗಂಜಿ ದಾಟಿ
ಬಚ್ಚಲಿನ ನೀರಿಗೆ ಬಾಯಿಟ್ಟಿತು, ಹಲ್ಕಾ ನಾಯಿ.
ತೊಗಲು ಹಿಡಿದು ಬಿಟ್ಟೆ.
ನೆರಿಗೆ ನಿಧಾನಕ್ಕೆ, ಬೇಜಾರಲ್ಲಿ ಅನ್ನುವ ಹಾಗೆ,
ಮಲಗಿತು.

ಹಿತ್ತಲ ಗುಂಡಿ ಇನ್ನೂ ಮುಚ್ಚಿಲ್ಲ.
ನಾಳೆ ನಾಳೆ ಅನ್ನುತ್ತಾರೆ ಇವರು.
ಮಧ್ಯಾಹ್ನದ ಉರಿಗೆ ತಣ್ಣನೆ ಮಣ್ಣು ಅಂತ
ಅದು ಅಲ್ಲೇ ಇಳಿದು ಮಲಗುತ್ತದೆ,
ಮೇಲಿಂದ ನೋಡಿದರೆ ಎರಡು ಕಿವಿ.
ಮೊದಲ ದಿನ ಕಿರುಚಿಬಿಟ್ಟೆ.

ಮೇಡಂ ಮರಿಯ ಫೋಟೊ ಕೇಳಿದ್ದಾರೆ,
ಕುಲಾವಿ ಹಾಕಿದ್ದು.
ಕುಲಾವಿಯನ್ನು ಅದು ಹರಿದು ಹಾಕಿ ನಾಲ್ಕು ದಿನವಾಯಿತು.